ಅಮ್ಮನ ಬಚ್ಚಲಿನ ತನಿಖೆ

ನಾನು ಹುಟ್ಟಾ ಪುಕ್ಕಲಿ. ಹಾವು, ಹಲ್ಲಿ, ಹಿಮ ಬಿದ್ದ ರಸ್ತೆ, ಇವಕ್ಕೆ ಯಾರಾದರೂ ಹೆದರುತ್ತಾರೆ ಎನ್ನಿ. ನಾನು ಲಕೋಟೆಗೂ ಹೆದರುತ್ತೇನೆ. ಎಪ್ಪತ್ತರ ದಶಕದಲ್ಲಿ ಅಮೆರಿಕದ ವೆಸ್ಟ್ ವಿಂಡ್ಸರ್‌ನ ನಮ್ಮ ಮನೆಗೆ ತೆರಿಗೆ ಆಫೀಸಿನಿಂದ ಕಾಗದ ಬಂದಾಗ, ಒಡೆಯದೆ ಎರಡು ದಿನ ಬೇಳೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ.

ಕಾರಣವಿತ್ತು. ನಮ್ಮದು ಸ್ಪ್ಲಿಟ್ ಲೆವೆಲ್ ಮನೆ, ಅರ್ಧರ್ಧ ಅಂತಸ್ತಾಗಿ ಕಟ್ಟಿದ್ದು. ಕಾಫಿಗೆ ಆರು ಮೆಟ್ಟಿಲು, ಸ್ನಾನಕ್ಕೆ ಇನ್ನಾರು. ಮೈಸೂರಿನಿಂದ ಬಂದು ನಮ್ಮೊಡನಿದ್ದ ಅಮ್ಮನಿಗೆ ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿದ ಮೇಲೆ, ಕೆಳಗಿನ ಕೋಣೆಗೆ ಅಂಟಿದಂತೆ ಬಚ್ಚಲು ಕಟ್ಟಿಸಿ, ಗೋಡೆಗೆ ಹಿಡಿಗಳನ್ನು ಹಾಕಿಸಿದೆವು. ಕಾಯಿಲೆಯವರಿಗಾಗಿ ಮನೆ ಮಾರ್ಪಡಿಸಿದರೆ ತೆರಿಗೆ ವಿನಾಯಿತಿಯುಂಟೆಂದು ಕೇಳಿ ನಮ್ಮವರು ಟ್ಯಾಕ್ಸ್ ರಿಟರ್ನ್‌ನಲ್ಲಿ ಅದನ್ನೂ ಬರೆದರು. ಷರತ್ತು ಮಾತ್ರ ವಿಚಿತ್ರ: ಆ ಕೆಲಸದಿಂದ ಮನೆಯ ಬೆಲೆ ಎಷ್ಟು ಏರುತ್ತದೋ ಅಷ್ಟಕ್ಕೆ ವಿನಾಯಿತಿಯಿಲ್ಲ. ನಮ್ಮ ವಾಸ್ತುಶಾಸ್ತ್ರ ನೀರಿಗೊಂದು ಮೂಲೆ, ಬೆಂಕಿಗೊಂದು ಮೂಲೆ ಗೊತ್ತುಮಾಡಿದೆ; ಕಾಲೆಳೆಯುವ ತಾಯಿಗೆ ಯಾವ ಮೂಲೆಯೆಂದು ಹೇಳಿದಂತಿಲ್ಲ. ಈ ಕಾನೂನು ಹೇಳಿತ್ತು. ಆದರೆ ಆ ಮೂಲೆ ನಾಳೆ ಮನೆ ಕೊಳ್ಳುವ ಯಾರಿಗೂ ಬೇಡದ್ದಾಗಿರಬೇಕಿತ್ತು.

ಕಾಗದದಲ್ಲಿದ್ದದ್ದು ಇಷ್ಟೆ: ಅಧಿಕಾರಿಯೊಬ್ಬ ಮನೆಗೇ ಬಂದು ನೋಡುತ್ತಾನೆ. ನಾವು ಸುಳ್ಳರೆಂದು ಅವನಿಗೆ ಅನ್ನಿಸಿದರೆ? ನಮ್ಮವರ ಕೈಗೆ ಬೇಡಿ ಹಾಕುವವರೆಗೂ ನನ್ನ ಕಲ್ಪನೆ ಹೋಗಿ ಬಂತು.

ಅವನು ಬರುವ ದಿನ ಅಮ್ಮ ಬೆಳಗ್ಗೆಯೇ ರೇಷ್ಮೆ ಸೀರೆ ಉಡಿಸೆಂದಳು. ಊರಿಕೊಂಡು ನಡೆಯುವ ವಾಕರನ್ನು ಬಟ್ಟೆಯ ಬೀರುವಿಗೆ ತಳ್ಳಿಸಿದಳು. ಬಂದವರೆದುರು ಮನೆಯ ಕಾಯಿಲೆ ಕಸಾಲೆ ತೋರಿಸಬಾರದೆನ್ನುವ ಪೈಕಿ ಅವಳು. ಅದರ ಮೇಲೆ ಇದು ಅಳಿಯನ ಮನೆ. ನಾನೂ ದಡ್ಡಿ, ಮನೆಗೆ ಯಾರೋ ಬರುತ್ತಾರೆಂಬ ಗಡಿಬಿಡಿಯಲ್ಲಿ ಒಪ್ಪವಾಗಿ ಎಲ್ಲವನ್ನೂ ಮಾಡಿಕೊಟ್ಟೆ.

ಅಧಿಕಾರಿ ಬಚ್ಚಲು ನೋಡಿ ಬಂದು ಕುರ್ಚಿಯಲ್ಲಿ ಕೂತ. ಅಮ್ಮ ಎದ್ದೇಬಿಟ್ಟಳು. ಗೋಡೆ ಬಿಟ್ಟು ಎರಡು ಹೆಜ್ಜೆ ಇಟ್ಟಳು, ಕೈಮುಗಿದಳು.

ಈ ಬಚ್ಚಲು ನಿಮಗೆ ಬೇಕೇಬೇಕಿತ್ತೆ ಎಂದು ಆತ ನಿಧಾನವಾಗಿ ಕೇಳಿದ.

"ನೋ, ನೋ. ಐ ಆಮ್ ವೆರಿ ಫೈನ್."

ವಿನಾಯಿತಿ ಹಾಳಾಗಲಿ, ಅವಳು ಈಗ ಬೀಳುತ್ತಾಳೆ ಎನ್ನುವುದೊಂದೇ ನನಗೆ ಭಯ. "ಅಮ್ಮಾ, ಕೂತ್ಕೊಮ್ಮಾ," ಎಂದೆ.

"ಸುಮ್ನಿರೇ," ಎಂದಳು, ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು. "ಕಾಯಿಲೆಯವಳು ಅಂತ ಗೊತ್ತಾದ್ರೆ ಗೌರ್ಮೆಂಟಿನೋರು ವಾಪಸ್ ಕಳಿಸ್ಬಿಡ್ತಾರೆ. ಅಲ್ಲಿ ನಂಗ್ಯಾರಿದಾರೆ?"

ಅವಳ ಎಡಗಾಲು ಸೀರೆಯೊಳಗೆ ನಡುಗುತ್ತಿತ್ತು. ಏನೆಂದರು ಎಂದು ಆತ ಕೇಳಿದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆತ ಥಟ್ಟನೆ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಅವಳ ಹಿಂದೆ ತಂದಿಟ್ಟ. ಆಮೇಲೆ ಡಾಕ್ಟರರ ಕಾಗದ ಓದಿದ, ಏನೋ ಗೀಚಿಕೊಂಡ, ಹೋದ. ವಿನಾಯಿತಿ ಸಿಕ್ಕಿತು.

ಊರಿಗೆಲ್ಲ ನಾನೇ ಪುಕ್ಕಲಿ ಎಂದುಕೊಂಡಿದ್ದೆ. ಗೋಡೆಗೋಡೆಗೂ ಹಿಡಿ ಹಾಕಿಸಿದ ನಾವು, ನೀನು ಇಲ್ಲೇ ಇರುತ್ತೀ ಎಂದು ಅವಳಿಗೆ ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದೆ.

"ಅದನ್ನೇನು ಹೇಳ್ಬೇಕಾ? ನೋಡು, ಸಾರು ಆರ್ತಿದೆ," ಎಂದಳು.

ಅಳಿಯನ ಮನೆಯಲ್ಲಿ ಎಂದೂ ಎರಡನೆಯ ಸಲ ಅನ್ನ ಕೇಳದವಳು, ಅಂದು ಕೇಳಿ ಹಾಕಿಸಿಕೊಂಡಳು.