ಬೊಟ್ಟಿಲ್ಲದ ಮರಿಗಳು

ನನ್ನ ಗಂಡನ ಅಕ್ಕನ ಗಂಡನನ್ನು ನಾನು ಭಾವ ಎಂದು ಕರೆಯುತ್ತೇನೆ. ಅವರ ಮೇಲಿನ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ, ಇಳಿಯಲಿ ಎಂಬ ಆಸೆಯೂ ಇಲ್ಲ. ವಯಸ್ಸಾದ ಮೇಲೆ ಎಲ್ಲವನ್ನೂ ಮರೆತುಬಿಡಬೇಕು ಎಂದು ಉಪದೇಶ ಮಾಡುವವರು ಮುಂದೆ ಓದುವುದು ಬೇಡ.

ಮಾರ್ಕೆಟ್ ಬಿದ್ದ ವರ್ಷ ನನ್ನ ಗಂಡನ ಕೆಲಸ ಹೋಯಿತು. ಅಲ್ಲಿಯವರೆಗೆ ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ರೈಲು ಹತ್ತಿ, ಸೀಕಾಕಸ್ ದಾಟಿ ಮ್ಯಾನ್‌ಹಟನ್ನಿಗೆ ಹೋಗಿ ಬರುತ್ತಿದ್ದವರು, ಈಗ ಬೆಳಗ್ಗೆ ಶೇವ್ ಮಾಡಿ, ಇಸ್ತ್ರಿ ಹಾಕಿದ ಶರ್ಟು ತೊಟ್ಟು ಅಡುಗೆಮನೆಯಲ್ಲಿ ಕೂರುತ್ತಿದ್ದರು. ಅದನ್ನು ದಿನಾ ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಆಗ ಎಲ್ಲರಿಗೂ ಹಿತ್ತಿಲಲ್ಲಿ ಕೋಳಿ ಸಾಕುವ ಹುಚ್ಚು ಹಿಡಿದಿತ್ತು. ಕೈಯಲ್ಲಿ ಕೆಲಸವಿಲ್ಲದವರು ಸಾಕಿದರು, ಕೆಲಸ ಹೋಗುತ್ತದೆಂದು ಹೆದರಿದವರೂ ಸಾಕಿದರು. ತೊಂದರೆ ಒಂದೇ. ಹೇಂಟೆಯಾದರೆ ಯಾರ ತಕರಾರೂ ಇಲ್ಲ, ಹುಂಜವಾಗಿ ಕೂಗಿದರೆ ಪಕ್ಕದ ಮನೆಯವರು ಕಂಪ್ಲೇಂಟ್ ಮಾಡುತ್ತಾರೆ. ಆದರೆ ಒಂದು ದಿನದ ಮರಿಯನ್ನು ನೋಡಿ ಗಂಡೋ ಹೆಣ್ಣೋ ಹೇಳುವುದು ಹೇಗೆ?

ನನಗೆ ಗೊತ್ತಿತ್ತು. ಮಂಗಳೂರಿನಲ್ಲಿ ಬಿ.ಎಸ್ಸಿ.ಗೆ ಪ್ರಾಣಿಶಾಸ್ತ್ರ ಓದುವಾಗ ಕಲಿತದ್ದರಲ್ಲಿ ಮರೆಯದೆ ಉಳಿದದ್ದು ಅದೊಂದೇ. ಕೆಂಪು ಹುಂಜಕ್ಕೆ ಬೂದು ಪಟ್ಟೆಯ ಹೇಂಟೆಗಳನ್ನು ಜೊತೆ ಮಾಡಿದರೆ ಮರಿಗಳೆಲ್ಲ ಕಪ್ಪಗೆ ಹುಟ್ಟುತ್ತವೆ. ತಾಯಿಯ ಪಟ್ಟೆ ಗಂಡುಮಕ್ಕಳಿಗೆ ಮಾತ್ರ ಇಳಿಯುತ್ತದೆ, ಹೆಣ್ಣುಮಕ್ಕಳಿಗೆ ಇಲ್ಲ. ಆದ್ದರಿಂದ ಗಂಡುಮರಿಯ ನೆತ್ತಿಯ ಮೇಲೆ ಒಂದು ಬಿಳಿ ಬೊಟ್ಟು. ಬೊಟ್ಟಿದ್ದರೆ ಹುಂಜ, ಇಲ್ಲದಿದ್ದರೆ ಹೇಂಟೆ.

ಭಾವನಿಗೆ ನ್ಯೂಜೆರ್ಸಿಯ ಪಶ್ಚಿಮದ ಕಡೆ ಒಂದು ಮೋಟೆಲ್, ಅದರ ಹಿಂದೆ ಬೇಕಾದಷ್ಟು ಜಾಗ ಇತ್ತು. ನಾನು ತಂದ ಹುಂಜ, ಹೇಂಟೆಗಳನ್ನು ಅಲ್ಲಿ ಬಿಟ್ಟೆವು. ಮೊಟ್ಟೆಗಳು ನಮ್ಮ ಬೇಸ್‌ಮೆಂಟಿನ ಇನ್‌ಕ್ಯುಬೇಟರಿಗೆ ಬಂದವು. ನನ್ನ ಗಂಡ ಅದರ ಉಸ್ತುವಾರಿ ವಹಿಸಿಕೊಂಡರು. ಬಿಸಿ ಎಷ್ಟು, ತೇವ ಎಷ್ಟು, ಮೊಟ್ಟೆ ತಿರುಗಿಸುವುದು ಯಾವಾಗ, ಎಲ್ಲ ಅವರದೇ. ಮೊದಲ ಮರಿಗಳು ಹೊರಬಂದ ದಿನ ಮೇಲೆ ಬಂದು, "ಬೊಟ್ಟು ಕಾಣ್ತಾ ಉಂಟು, ಬಾ" ಎಂದು ಕರೆದರು. ತಿಂಗಳುಗಳಿಂದ ಆ ದನಿ ಕೇಳಿರಲಿಲ್ಲ. ನಾವು ಹೇಂಟೆ ಎಂದು ಮಾರಿದ ಒಂದು ಮರಿಯೂ ಮುಂದೆ ಹುಂಜವಾಗಲಿಲ್ಲ. ಜನ ನಮ್ಮ ಮಾತನ್ನು ನಂಬಿದರು.

ಆ ಬೇಸಗೆಯ ಪಿಕ್‌ನಿಕ್ಕಿನಲ್ಲಿ ನಮ್ಮ ಊರ ಕಡೆಯವರೆಲ್ಲ ಸೇರಿದ್ದರು. ಭಾವ ಕೈಯಲ್ಲಿ ತಟ್ಟೆ ಹಿಡಿದು, ಎಲ್ಲರಿಗೂ ಕೇಳುವಂತೆ ನನ್ನ ಗಂಡನನ್ನು ತೋರಿಸಿ ಹೇಳಿದರು: "ಇವನ ಹೆಂಡ್ತಿ ಕೋಳಿ ಸಾಕ್ತಾಳೆ, ಇವ ಕೂತು ಮೊಟ್ಟೆಗೆ ಕಾವು ಕೊಡ್ತಾನೆ. ಅಮೆರಿಕಕ್ಕೆ ಬಂದದ್ದು ಸಾರ್ಥಕ ಆಯ್ತು ಮಾರಾಯ್ರೆ."

ಎಲ್ಲರೂ ನಕ್ಕರು. ನನ್ನ ಗಂಡನೂ ನಕ್ಕರು. ಮನೆಗೆ ಬಂದು ಹಸಿವಿಲ್ಲ ಎಂದರು. ಮರುದಿನದಿಂದ ಬೇಸ್‌ಮೆಂಟಿಗೆ ಇಳಿಯಲಿಲ್ಲ, ಮತ್ತೆ ಇಸ್ತ್ರಿ ಶರ್ಟು ಹಾಕಿ ಅಡುಗೆಮನೆಯಲ್ಲಿ ಕೂತರು. ಭಾವನನ್ನು ನಾನು ಸುಮ್ಮನೆ ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದು ಆಗ.

ದಾರಿಯನ್ನು ಅವರೇ ಮಾಡಿಕೊಟ್ಟರು. ಚಳಿ ಶುರುವಾಗುವಾಗ ನನ್ನನ್ನು ಮೋಟೆಲಿಗೆ ಕರೆಸಿ, "ಜಾಗ ನಂದು, ಕಾಳು ನಂದು. ಇನ್ನು ಇದನ್ನು ನಾನೇ ನೋಡಿಕೊಳ್ತೇನೆ. ನೀನು ತಂದ ಹಳೇ ಕೋಳಿ ಬೇಕಾದ್ರೆ ತಕೊಂಡು ಹೋಗು. ಇಲ್ಲಿ ಬೆಳೆದದ್ದು ಇಲ್ಲೇ ಇರ್ಲಿ" ಎಂದರು.

ಇಲ್ಲಿ ಬೆಳೆದದ್ದು ಎಂದರೆ ನಾವು ಮಾರದೆ ಉಳಿಸಿ ಮೋಟೆಲಿನ ಹಿಂದೆ ಬಿಟ್ಟಿದ್ದ, ಆ ಹಳೇ ಕೋಳಿಗಳ ಮಕ್ಕಳು: ಮಿರಿಮಿರಿ ಮಿಂಚುವ ಕಪ್ಪು ಹೇಂಟೆಗಳು, ಮತ್ತು ಎದೆ ಸೆಟೆಸಿ ನಡೆಯುವ ಒಂದು ಪಟ್ಟೆ ಹುಂಜ. ಭಾವ ಊರಿನಲ್ಲಿ ಕೋಳಿ ಅಂಕಕ್ಕೆ, ಹುಂಜಗಳ ಕಾಳಗಕ್ಕೆ, ಹೋಗಿ ಬೆಳೆದವರು. ಅಲ್ಲಿ ಬೊಳ್ಳೆ, ಕೆಮ್ಮೈರೆ ಎಂದು ಹುಂಜಕ್ಕೆ ಬಣ್ಣದ ಮೇಲೆ ಹೆಸರು. ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆಂದು ಲೆಕ್ಕ ಹಾಕುತ್ತಾರೆ. ಗೆದ್ದ ಹುಂಜದ ಮಗನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ. ತಾಯಿ ಯಾವ ಬಣ್ಣದ್ದೆಂದು ಯಾರೂ ಕೇಳುವುದಿಲ್ಲ. ನಮ್ಮ ಮನೆತನಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ಬರುವುದೇ ತಾಯಿಯಿಂದ. ಆದರೂ ಅಂಕದ ಗಂಡಸರ ಕಣ್ಣಿಗೆ ಕಾಣುವುದು ಹುಂಜ ಮಾತ್ರ.

"ಬೊಟ್ಟು ಇಲ್ಲದ್ದು ಹೇಂಟೆ, ಅಲ್ವಾ?" ಎಂದು ಕೇಳಿದರು.

"ನಾವು ಹಾಗೇ ನೋಡಿ ಕೊಟ್ಟದ್ದು ಭಾವ" ಎಂದೆ.

ಸುಳ್ಳು ಹೇಳಲಿಲ್ಲ. ಆ ಗುರುತು ಒಂದೇ ತಲೆಮಾರಿನದು. ಕೆಂಪು ಅಪ್ಪ, ಪಟ್ಟೆ ಅಮ್ಮ ಇದ್ದರೆ ಮಾತ್ರ ಅದು ನಿಜ. ಅವುಗಳ ಮಕ್ಕಳನ್ನೇ ಜೊತೆ ಮಾಡಿದರೆ ಮುಂದಿನ ಮರಿಗಳಲ್ಲೂ ಅರ್ಧಕ್ಕೆ ಬೊಟ್ಟು ಇರುತ್ತದೆ, ಅರ್ಧಕ್ಕೆ ಇರುವುದಿಲ್ಲ. ನೋಡಿದರೆ ಮೊದಲಿನ ಹಾಗೆಯೇ. ಆದರೆ ಈಗ ಎರಡು ಪಾಲಿನಲ್ಲೂ ಗಂಡು ಹೆಣ್ಣು ಬೆರೆತಿರುತ್ತವೆ. ಇದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು. ನಾನು ನನ್ನ ಹಳೇ ಕೋಳಿಗಳನ್ನು ಪೆಟ್ಟಿಗೆಗೆ ತುಂಬಿ, ಭಾವನಿಗೆ ಥ್ಯಾಂಕ್ಸ್ ಹೇಳಿ ಹೊರಟೆ. ದಾರಿಯುದ್ದಕ್ಕೂ ನನಗೆ ನಗು ತಡೆಯಲಾಗಲಿಲ್ಲ. ಹೇಂಟೆಗಳು ನಮ್ಮ ಹಿತ್ತಿಲಿಗೆ ಬಂದವು. ಕೆಂಪು ಹುಂಜವನ್ನು ತರಕಾರಿ ಬೆಳೆಯುವ ಪರಿಚಯದ ಅಜ್ಜಿಯೊಬ್ಬರ ತೋಟದಲ್ಲಿ ಬಿಟ್ಟೆ.

ಮುಂದಿನ ವಸಂತದಲ್ಲಿ ಭಾವ ಬೊಟ್ಟಿಲ್ಲದ ಮರಿಗಳನ್ನು ಹೇಂಟೆ ಎಂದು ಲಾಂಗ್ ಐಲೆಂಡಿನವರೆಗೂ ಮಾರಿದರು. ಕೆಲವು ಮರಿ ಕೆಂಚಗೆ ಹುಟ್ಟಿದಾಗ, ಹೊಸ ಜಾತಿ ತೆಗೆದೆ ಎಂದು ಹೇಳಿಕೊಂಡರಂತೆ. ನಾನು ಬೇಸಗೆಗೆ ಕಾದೆ.

ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಡಾಕ್ಟರೊಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಭಟ್ಟರು ಸಂಕಲ್ಪ ಹೇಳುತ್ತಿದ್ದಂತೆ ಹಿತ್ತಿಲಲ್ಲಿ ಒಂದು ಹುಂಜ ಕೂಗಿತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಮಂಗಳಾರತಿಯವರೆಗೂ ಅವು ಬಾಯಿ ಮುಚ್ಚಲಿಲ್ಲ. ಮೈಸೂರು ಕಡೆಯ ಆ ಮನೆಯಾಕೆ ತೀರ್ಥ ಕೊಡುತ್ತಾ ಭಾವನ ಮುಂದೆ ನಿಂತರು.

"ಎಲ್ಲಾ ಹೆಣ್ಣೇ ಅಂತ ಗ್ಯಾರಂಟಿ ಕೊಟ್ಟಿದ್ರಲ್ಲ. ಪಕ್ಕದ್ಮನೆಯವ್ರು ದಿನಾ ಕಂಪ್ಲೇನ್ ಮಾಡ್ತಾರೆ. ನಮ್ ಫ್ರೆಂಡ್ಸ್ ಮನೇಲೂ ಇದೇ ಕಥೆ."

ಪಿಕ್‌ನಿಕ್ಕಿನಲ್ಲಿ ನಕ್ಕಿದ್ದ ಬಾಯಿಗಳೆಲ್ಲ ಅಲ್ಲಿದ್ದವು. ಭಾವನ ಮುಖ ಹುಳ್ಳಗಾಯಿತು. ನನ್ನ ಗಂಡ ಎದ್ದು ಹಿತ್ತಿಲಿಗೆ ಹೋಗಿ, ಕೋಳಿಗಳನ್ನು ಒಂದೊಂದಾಗಿ ಎತ್ತಿ, ಜುಟ್ಟು ಮತ್ತು ಕತ್ತಿನ ಗರಿ ನೋಡಿ, "ಇದು ಹುಂಜ. ಇದೂ ಹುಂಜ" ಎನ್ನುತ್ತಾ, ಮನೆಯಾಕೆ ಭಾವನ ಕೈಗೆ ಕೊಟ್ಟಿದ್ದ ರಟ್ಟಿನ ಪೆಟ್ಟಿಗೆಗೆ ಹಾಕಿದರು. ಭಾವ ಪೆಟ್ಟಿಗೆ ಹಿಡಿದೇ ನಿಂತಿದ್ದರು.

ಡ್ರೈವ್‌ವೇಯಲ್ಲಿ ಅವರು ದನಿ ತಗ್ಗಿಸಿ ಕೇಳಿದರು: "ನಿನ್ನ ಆ ಹಳೇ ಕೋಳಿ ವಾಪಸ್ ತಂದು ಬಿಡ್ತೀಯಾ? ಒಟ್ಟಿಗೆ ಮಾಡುವ."

ಜನ ಸುತ್ತಲೂ ಇದ್ದರು. ನಾನು ದನಿ ತಗ್ಗಿಸಲಿಲ್ಲ. "ತರಬಹುದು ಭಾವ. ಆದ್ರೆ ಮೊಟ್ಟೆಗೆ ಕಾವು ಕೊಡ್ಲಿಕ್ಕೆ ಒಬ್ಬ ಗಂಡಸು ಬೇಕು. ನೀವು ಕೂತ್ಕೊಳ್ತೀರಾ?"

ಎಲ್ಲರೂ ನಕ್ಕರು. ಈ ಸಲ ನನ್ನ ಗಂಡ ನಗಲಿಲ್ಲ. ಕಾರು ಹತ್ತಿ ಸೀಟ್‌ಬೆಲ್ಟ್ ಹಾಕಿಕೊಂಡು, "ಮನೆಗೆ ಹೋದ ಕೂಡ್ಲೆ ಊಟ ಹಾಕು, ಹಸಿವಾಗ್ತಾ ಉಂಟು" ಎಂದರು.