ಕಿಟ್ವೆಗೆ ಒಯ್ದ ಮೂವತ್ತಾರು ಸೀಸೆ

ಫ್ರಿಜ್ಜಿನ ಬಾಗಿಲು ತೆಗೆದರೆ ಒಳಗೆ ಬೆಡ್‌ಶೀಟುಗಳಿದ್ದವು. ಮೇಲಿನ ತಟ್ಟೆಯಲ್ಲಿ ಇಸ್ತ್ರಿ ಮಾಡಿ ಮಡಿಸಿಟ್ಟ ನಾಲ್ಕು, ಅದರ ಕೆಳಗೆ ಒಂದು ಜೊತೆ ಕಪ್ಪು ಶೂ, ತರಕಾರಿ ಇಡುವ ಡಬ್ಬದಲ್ಲಿ ಹಳೆಯ ಪಠ್ಯಪುಸ್ತಕಗಳು. ಅದು ಮಾರ್ಚ್ ಒಂಬತ್ತು, ನಾವು ಜಾಂಬಿಯಾ ದೇಶದ ಕಿಟ್ವೆ ಎಂಬ ಊರಿಗೆ ಬಂದಿಳಿದ ದಿನ. ನನ್ನ ಕೈಯಲ್ಲಿ ಐಸ್ ತುಂಬಿದ ಪೆಟ್ಟಿಗೆಯಿತ್ತು. ಅದರಲ್ಲಿ ಮೂವತ್ತಾರು ಸೀಸೆ ಇನ್ಸುಲಿನ್. ಮೈಸೂರು ಬಿಟ್ಟು ಇಪ್ಪತ್ತಾರು ಗಂಟೆಯಾಗಿತ್ತು, ಐಸ್ ಅರ್ಧ ಕರಗಿತ್ತು.

ಬಾಡಿಗೆ ಮನೆಯ ಮಾಲೀಕರು ನಾಚಿಕೊಳ್ಳದೆ ನಕ್ಕರು. "ಬಾಗಿಲು ಗಟ್ಟಿಯಾಗಿ ಮುಚ್ಚುತ್ತದೆ, ಇಲಿ ಬರುವುದಿಲ್ಲ. ಕರೆಂಟಿಲ್ಲದ ಊರಲ್ಲಿ ಇದಕ್ಕೆ ಬೇರೆ ಏನು ಕೆಲಸ ಕೊಡಲಿ?"

ಅಮ್ಮ ನನ್ನ ಮುಖ ನೋಡಿದಳು. "ಏನಂತೆ ಪುಟ್ಟಿ?" ಎಂದು ಕೇಳಿದಳು. ನಾನು ಬೆಡ್‌ಶೀಟುಗಳನ್ನು ಹೊರಗೆ ತೆಗೆದು ಸೀಸೆಗಳಿಗೆ ಜಾಗ ಮಾಡತೊಡಗಿದೆ.

ಆ ಸೀಸೆಗಳು ನನ್ನ ತಂಗಿ ಚಿನ್ಮಯಿಯವು. ನಾವು ಚಿನ್ನು ಎನ್ನುತ್ತೇವೆ. ಎಂಟು ವರ್ಷ. ಆರನೇ ವರ್ಷದಿಂದ ಅವಳ ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ. ದಿನಕ್ಕೆ ನಾಲ್ಕು ಸಲ ಚುಚ್ಚಬೇಕು, ಒಂದು ದಿನವೂ ತಪ್ಪುವಂತಿಲ್ಲ. ತೆರೆಯದ ಸೀಸೆಗಳು ತಣ್ಣಗಿರಬೇಕು. ಬಿಸಿಯಾದರೆ ಒಳಗಿನ ಔಷಧಿ ನೀರಿಗೆ ಸಮ, ಆದರೆ ನೋಡುವುದಕ್ಕೆ ಹಾಗೆಯೇ ಇರುತ್ತದೆ. ಅಲ್ಲಿ ಅಂಗಡಿಯಲ್ಲಿ ಸಿಗುವ ಇನ್ಸುಲಿನ್ ನಮ್ಮದಕ್ಕಿಂತ ತೀಕ್ಷ್ಣ, ನಮ್ಮ ಸಿರಿಂಜಿನ ಗೆರೆಗಳಿಗೆ ಹೊಂದದು, ಸಿಗುವುದೂ ಖಾತ್ರಿಯಿಲ್ಲ. ಅದಕ್ಕೇ ವರ್ಷಕ್ಕೆ ಬೇಕಾದಷ್ಟು ಮೈಸೂರಿನಿಂದಲೇ ಒಯ್ದಿದ್ದೆವು.

ಅಪ್ಪ ಐಟಿಐಯಲ್ಲಿ ಫಿಟ್ಟರ್ ಕಲಿಸುತ್ತಿದ್ದವರು. ಸಂಸ್ಥೆ ಮುಚ್ಚಿದ ಮೇಲೆ ಹದಿನಾಲ್ಕು ತಿಂಗಳು ಮನೆಯಲ್ಲಿದ್ದರು, ಕೊನೆಗೆ ತಾಮ್ರದ ಗಣಿಯ ತರಬೇತಿ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಗಣಿ ದೂರ, ಅವರು ಮನೆಗೆ ಬರುತ್ತಿದ್ದದ್ದು ಶನಿವಾರ ಮಾತ್ರ. ಬಂದವರು ಚಪ್ಪಲಿ ಬಿಡುವ ಮೊದಲೇ "ಪುಸ್ತಕ ತಾ" ಎನ್ನುತ್ತಿದ್ದರು. ಅದರಲ್ಲಿ ಕರೆಂಟು ಬಂದ ಹೊತ್ತು, ಹೋದ ಹೊತ್ತು, ಚಿನ್ನುವಿನ ಸಕ್ಕರೆಯ ಅಂಕಿ, ಉಳಿದ ಸೀಸೆ ಎಲ್ಲ ನನ್ನ ಕೈಬರಹದಲ್ಲಿರುತ್ತಿತ್ತು. ನನಗಾಗ ಹತ್ತೊಂಬತ್ತು. ಬರೆದಿಟ್ಟದ್ದು ಕೈತಪ್ಪುವುದಿಲ್ಲ ಎಂದು ನಂಬಿದ್ದೆ.

ಮಾರ್ಚ್‌ನಲ್ಲಿ ಸರಾಸರಿ ದಿನಕ್ಕೆ ಏಳು ಗಂಟೆ ಕರೆಂಟು. ಮೇ ತಿಂಗಳಲ್ಲಿ ಐದು. ಅಲ್ಲಿ ಕರೆಂಟು ಹುಟ್ಟುವುದು ನದಿಯ ನೀರಿನಿಂದ, ಆ ನೀರೇ ಬತ್ತಿತ್ತು. ಜೂನ್, ಜುಲೈನಲ್ಲಿ ನಾವು ಎಣಿಸಿರದ ಚಳಿ ಬಂತು. ಇಲ್ಲಿ ನೀವು ಛತ್ರಿ ಹುಡುಕುವ ತಿಂಗಳಲ್ಲಿ ನಾವು ಸ್ವೆಟರ್ ಹಾಕಿಕೊಂಡು 'ಬಾವುಲ'ದ ಸುತ್ತ ಕೂರುತ್ತಿದ್ದೆವು. ತೂತು ಕೊರೆದ ತಗಡಿನ ಇದ್ದಿಲ ಒಲೆಗೆ ಅಲ್ಲಿ ಆ ಹೆಸರು. ಚಳಿ ನಮ್ಮ ಪಾಲಿಗೆ ದೇವರಾಗಿತ್ತು, ಫ್ರಿಜ್ಜು ಕೈಕೊಟ್ಟರೂ ಸೀಸೆ ತಣ್ಣಗಿದ್ದವು.

ಪಕ್ಕದ ಮನೆಯವರು ಬಾನಾ ಮುತಾಲೆ. ಬೆಂಬಾ ಭಾಷೆಯಲ್ಲಿ ಅದು ಹೆಸರಲ್ಲ, 'ಮುತಾಲೆಯ ತಾಯಿ' ಎಂದರ್ಥ. ಮಗು ಹುಟ್ಟಿದ ಮೇಲೆ ಹೆಂಗಸನ್ನು ಹೆಸರು ಹಿಡಿದು ಕರೆಯುವುದು ಅಲ್ಲಿ ಮರ್ಯಾದೆಯಲ್ಲ. ಮೂರೇ ದಿನದಲ್ಲಿ ಅಮ್ಮನೂ ನನ್ನ ಹೆಸರಿನಿಂದ 'ಬಾನಾ ಸಹನಾ' ಆದಳು. ನಮ್ಮ ಬೀದಿಯಲ್ಲಿ "ಸಹನಾ ಅಮ್ಮಾ" ಎಂದು ಕೂಗುತ್ತಿದ್ದದ್ದೇ ಇಲ್ಲೂ ಬಂತಲ್ಲ ಎಂದು ಅಮ್ಮ ಆ ವಾರ ಮೊದಲ ಸಲ ನಕ್ಕಳು. ಬಾನಾ ಮುತಾಲೆಯದು ಮಾಂಸದಂಗಡಿ. ಬಿಳಿ ಗಮ್‌ಬೂಟು, ಬಿಳಿ ಏಪ್ರನ್, ಎದುರು ಸಿಕ್ಕವರನ್ನೆಲ್ಲ ನಿಲ್ಲಿಸಿ "ಮುಲಿ ಶಾನಿ?" ಎನ್ನುವ ಗಂಟಲು. ಹೇಗಿದ್ದೀರಿ ಎಂದರ್ಥ. ಉತ್ತರ ಕೊಡದೆ ಮುಂದೆ ಹೋದರೆ ಜಗಳವಾಡಿದಂತೆ. ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿ ಬೇಯಿಸಿದ 'ಇಫಿಸಾಶಿ'ಯನ್ನು ಅವರು ಕಳಿಸಿದಾಗ ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಣಮೀನಿನ ಚೂರಿದೆಯೇ ಎಂದು ಚಮಚದಿಂದ ಕೆದಕಿ ನೋಡಿದಳು. ಇರಲಿಲ್ಲ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರೆಂದು ಅವರಿಗೆ ನಾನು ಹೇಳಿದ್ದೆ, ಅವರು ನೆನಪಿಟ್ಟಿದ್ದರು.

ಆಗಸ್ಟ್ ಒಂದಕ್ಕೆ ಕರೆಂಟು ದಿನಕ್ಕೆ ಮೂರು ಗಂಟೆಗೆ ಇಳಿಯಿತು. ಸೀಸೆಗಳು ಇಪ್ಪತ್ತು ಉಳಿದಿದ್ದವು. ಬಾನಾ ಮುತಾಲೆ ಕಾಂಪೌಂಡಿನ ಆಚೆಯಿಂದ ಕೂಗಿದರು. "ನನ್ನ ಕೋಲ್ಡ್ ರೂಮಿಗೆ ಜನರೇಟರ್ ಇದೆ. ಮಗುವಿನ ಔಷಧಿ ತಂದಿಡಿ. ದನ ಅದನ್ನು ಕುಡಿಯುವುದಿಲ್ಲ, ಅದು ಸತ್ತಿದೆ!"

ಅಮ್ಮ ನಗುನಗುತ್ತಲೇ ಕೈ ಮುಗಿದಳು. ಒಳಗೆ ಬಂದು ಮಾತ್ರ ಬಾಗಿಲು ಹಾಕಿದಳು.

"ಬ್ಯಾಡ ಕಣೇ. ಆ ಹೆಣಗಳ ಮಧ್ಯೆ ಇಟ್ಟಿದ್ದನ್ನ ನನ್ ಮಗೀಗೆ ಚುಚ್ಚಲಾ? ಎಂಗೆ ಮನಸ್ಸು ಬಂದಾತು?"

"ಸೀಸೆ ಮುಚ್ಚಿರುತ್ತಮ್ಮ. ರಬ್ಬರ್ ಬಿರಡೆ ಇದೆ."

"ನಿನಗೆ ಬಿರಡೆ ಕಾಣ್ತದೆ, ನನಗೆ ಕೊಕ್ಕೇಲಿ ತೂಗಾಡೋದು ಕಾಣ್ತದೆ. ಬುಟ್ಬುಡು. ನಾನು ಮಡಕೇಲಿ ಇಡ್ತೀನಿ."

ಅಮ್ಮನಿಗೆ ಮಡಕೆಯ ಕೆಲಸ ಗೊತ್ತಿತ್ತು. ಮಾರ್ಕೆಟ್ಟಿನಿಂದ ಎರಡು ಮಡಕೆ ತಂದೆವು. ದೊಡ್ಡದರೊಳಗೆ ಚಿಕ್ಕದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಗೋಣಿ. ಎಲ್ಲಿಡುವುದೆಂದು ಅಮ್ಮ ಯೋಚಿಸಲೂ ಇಲ್ಲ. ಹಿತ್ತಿಲ ಈಶಾನ್ಯ ಮೂಲೆ, ಮನೆಯ ಉತ್ತರದ ಗೋಡೆಯ ಹೊರಗಿನ ಬುಡ. ಮೈಸೂರಿನ ಚಾಮರಾಜಪುರದ ನಮ್ಮ ಮನೆಯಲ್ಲಿ ಬೇಸಿಗೆಯ ಹೂಜಿ ಇರುತ್ತಿದ್ದದ್ದು ಅಲ್ಲೇ. ನೀರು ಈಶಾನ್ಯಕ್ಕಿರಬೇಕು ಎನ್ನುವುದು ಒಂದು, ಉತ್ತರದ ಗೋಡೆ ಯಾವತ್ತೂ ತಂಪು ಎನ್ನುವುದು ಇನ್ನೊಂದು. ನನಗೂ ಅದು ಸರಿಯೆನಿಸಿತು. ನಾನೂ ಮೈಸೂರಿನವಳೇ.

ಚಿಕ್ಕ ಮಡಕೆಯೊಳಗೆ ಥರ್ಮಾಮೀಟರ್ ಇಳಿಬಿಟ್ಟೆ. ಬೆಳಗ್ಗೆ ಆರೂವರೆಗೆ, ಸಂಜೆ ಆರಕ್ಕೆ ಓದುತ್ತಿದ್ದೆ. ನಡುವೆ ನಾನು ಗುಜರಾತಿಯೊಬ್ಬರ ಕಾಗದ, ಪೆನ್ನಿನ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಅಮ್ಮ ಬೆಳಗ್ಗೆಯಿಂದ ಮೂರರವರೆಗೆ ಚಿನ್ನುವಿನ ಶಾಲೆಯ ಮರದ ಕೆಳಗೆ ಕೂತಿರುತ್ತಿದ್ದಳು. ಮಧ್ಯಾಹ್ನದ ಚುಚ್ಚುಮದ್ದಿನ ಹೊಣೆ ಶಾಲೆಯವರು ಹೊರಲಿಲ್ಲ. ಆಗಸ್ಟ್ ನಾಲ್ಕು: 17, 22. ಐದು: 17, 23. ಹನ್ನೊಂದು: 18, 23. ತಿಂಗಳು ಪೂರ್ತಿ ಒಂದು ಸಲವೂ ಇಪ್ಪತ್ತೈದು ದಾಟಿಲ್ಲ. ಫ್ರಿಜ್ಜಿನಷ್ಟು ತಂಪಲ್ಲ, ಆದರೂ ಒಂದೆರಡು ತಿಂಗಳು ದೂಡಬಹುದು ಎಂದು ಅಪ್ಪ ಲೆಕ್ಕ ಹಾಕಿದರು. ಎರಡು ಪುಟ ಓದಿ ನನ್ನ ತಲೆ ಸವರಿ, "ಭೇಷ್, ಇದು ಕೆಲಸ" ಎಂದರು.

ಆಗಸ್ಟ್ ಇಪ್ಪತ್ತರಿಂದ ಚಿನ್ನುವಿನ ಅಂಕಿಗಳು ಏರತೊಡಗಿದವು. 210, 260, 290. ಅಮ್ಮ ಅನ್ನ ಕಡಿಮೆ ಮಾಡಿದಳು. ಅಪ್ಪ ಫೋನಿನಲ್ಲಿ ಮೈಸೂರಿನ ಡಾಕ್ಟರನ್ನು ಕೇಳಿ ಎರಡು ಯೂನಿಟ್ ಹೆಚ್ಚಿಸಿದರು. 310. ಇನ್ನೆರಡು. 340. ನಾನು ತಂಗಿಯ ಮೇಲೆ ಅನುಮಾನಪಟ್ಟೆ.

"ಶಾಲೇಲಿ ಯಾರ ಡಬ್ಬ ತಿಂದೆ ಹೇಳು."

"ಇಲ್ಲ ಕಣಕ್ಕಾ."

"ಸುಳ್ಳು ಹೇಳಬೇಡ. ಬರ್ಕೊಂಡಿದೀನಿ ಎಲ್ಲಾ."

"ನೀನು ಬರ್ಕೊಂಡ್ರೆ ನಾನು ತಿಂದಂಗಾ?" ಎಂದಳು. ಆಮೇಲೆ ಅತ್ತಳು. ರಾತ್ರಿಯಿಡೀ ನೀರು ಕುಡಿದಳು. ಅವಳು ಅಂದದ್ದನ್ನೂ ಅವತ್ತು ಬರೆದಿದ್ದೇನೆ, ಆ ಪುಟ ನನಗೆ ಈಗಲೂ ಓದಲಾಗುವುದಿಲ್ಲ.

ಸೆಪ್ಟೆಂಬರ್ ಒಂದಕ್ಕೆ ಹೊಸ ಸೀಸೆಗಳನ್ನು ತೆರೆದೆವು. ಮೂರನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಅಮ್ಮ ಅಂಗಡಿಗೆ ಫೋನ್ ಮಾಡಿದಳು. ನಾನು ಓಡಿ ಬಂದಾಗ ಚಿನ್ನು ನಾಲ್ಕು ಸಲ ವಾಂತಿ ಮಾಡಿಕೊಂಡಿದ್ದಳು. ಉಸಿರು ಆಳವಾಗಿ, ದೂರ ಓಡಿ ಬಂದವಳ ಹಾಗೆ. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಮೀಟರು ಅಂಕಿಯನ್ನೇ ತೋರಿಸಲಿಲ್ಲ, ಅಳತೆ ಮೀರಿದೆ ಎಂದಷ್ಟೇ ತೋರಿಸಿತು. ಇನ್ನೊಂದು ಸಲ ಚುಚ್ಚಿ ನೋಡಿದೆ. ಅದೇ. ಟ್ಯಾಕ್ಸಿಗೆ ಮೂರು ನಂಬರ್ ಇದ್ದವು, ಒಬ್ಬರೂ ಎತ್ತಲಿಲ್ಲ.

ಅಮ್ಮ ಮಗುವನ್ನು ಎತ್ತಿಕೊಂಡು ಬೀದಿಗೆ ಹೋಗಿ, ಯಾವ ಭಾಷೆಯೆಂದೂ ನೋಡದೆ ಕೂಗಿದಳು. "ಬಾನಾ ಮುತಾಲೆ! ನನ್ ಮಗು ಹೊಂಟೋಯ್ತದೆ, ಬನ್ರೀ!"

ಆಕೆಗೆ ಕನ್ನಡ ಬೇಕಾಗಲಿಲ್ಲ. ಏಪ್ರನ್ ಬಿಚ್ಚದೆ ಅಂಗಡಿಯ ವ್ಯಾನ್ ತಂದು ನಿಲ್ಲಿಸಿದರು. ಹಿಂದೆ ಬೆಳಗ್ಗೆ ಬಂದ ಅರ್ಧ ದನ ಇಳಿಸದೇ ಇತ್ತು. ಮುಂದೆ ಒಬ್ಬರಿಗೇ ಜಾಗ, ಅಲ್ಲಿ ಮಗುವನ್ನು ಮಲಗಿಸುವಂತಿರಲಿಲ್ಲ. ಆ ಜಾಗದಲ್ಲಿ ನಾನು ಹಿಂದಕ್ಕೆ ತಿರುಗಿ ಕೂತೆ, ಅಮ್ಮ ಹಿಂದೆಯೇ ಹತ್ತಿದಳು. ಒದ್ದೆ ನೆಲದ ಮೇಲೆ ಕೂತು ಚಿನ್ನುವನ್ನು ತೊಡೆಯ ಮೇಲೆ ಹಾಕಿಕೊಂಡು, ಲಿಂಗವನ್ನು ಸೀರೆಯ ಮೇಲಿಂದಲೇ ಮುಷ್ಟಿಯಲ್ಲಿ ಹಿಡಿದಳು. ತಿರುವಿನಲ್ಲಿ ಆ ಮಾಂಸ ಅವಳ ಹೆಗಲಿಗೆ ತಾಗುತ್ತಿತ್ತು. ಸರಿದುಕೊಳ್ಳಲಿಲ್ಲ. ಹನ್ನೊಂದು ನಿಮಿಷದ ದಾರಿ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ, ಅವರದೇ ಇನ್ಸುಲಿನ್ ಕೊಟ್ಟರು. ಡಾಕ್ಟರ್ ವಯಸ್ಸಾದ ಹೆಂಗಸು. ಸೀಸೆಗಳನ್ನು ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದರು. ನಾನು ಪುಸ್ತಕ ಕೊಟ್ಟೆ, ಹೆಮ್ಮೆಯಿಂದಲೇ ಕೊಟ್ಟೆ. ಅವರು ಬೆರಳಿಟ್ಟು ಓದಿದರು.

"ಬೆಳಗ್ಗೆ. ಸಂಜೆ. ಮಧ್ಯಾಹ್ನದ್ದು ಎಲ್ಲಿ?"

ಬಟ್ಟೆ ತರಲು ಬಾನಾ ಮುತಾಲೆ ನನ್ನನ್ನು ಮನೆಗೆ ಕರೆತಂದಾಗ ಹನ್ನೆರಡೂವರೆ. ಹಿತ್ತಿಲಿಗೆ ಹೋದವರು ಅಲ್ಲೇ ನಿಂತರು.

"ಮಗೂ, ಇದನ್ನು ಬಿಸಿಲಲ್ಲಿ ಯಾಕೆ ಇಟ್ಟಿದ್ದೀರಿ?"

"ಅದು ಉತ್ತರದ ಗೋಡೆ."

"ಹೌದು, ಉತ್ತರದ ಗೋಡೆ," ಎಂದರು. ನಾನು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ, ಅವರು ಹೇಳಿದ್ದು ನನಗೆ. "ಬಿಸಿಲು ಬೀಳುವುದೇ ಅಲ್ಲಿ."

ನಾನು ತಲೆಯೆತ್ತಿ ನೋಡಿದೆ. ಆರು ತಿಂಗಳಲ್ಲಿ ಮೊದಲ ಸಲ ನೋಡಿದೆ. ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿ ನಿಂತಿದ್ದ. ಭೂಮಧ್ಯರೇಖೆ ದಾಟಿದರೆ ಹಾಗೆಂದು ಏಳನೇ ತರಗತಿಯಲ್ಲಿ ಓದಿ ಅಂಕ ಪಡೆದಿದ್ದೆ. ಮರಳು ಒಣಗಿ ಬಿಳಿಯಾಗಿತ್ತು, ಗೋಣಿ ಕಡ್ಡಿಯ ಹಾಗೆ ನಿಂತಿತ್ತು. ಬೆಳಗ್ಗೆ ಕಾಂಪೌಂಡಿನ ನೆರಳು, ಎರಡಾದ ಮೇಲೆ ಮಾವಿನ ಮರದ ನೆರಳು. ನಾವು ಕಂಡದ್ದು ಅವೆರಡನ್ನೇ, ರಜೆಯ ದಿನವೂ ಮಧ್ಯಾಹ್ನ ಯಾರೂ ಹಿತ್ತಿಲ ಆ ಮೂಲೆಗೆ ಬಂದಿರಲಿಲ್ಲ. ಥರ್ಮಾಮೀಟರು 41. ಅಂಕಿಯೊಂದನ್ನೂ ನಾನು ತಪ್ಪು ಬರೆದಿರಲಿಲ್ಲ. ಅವಳಿಗೆ ಚುಚ್ಚಿದ್ದು ಮಾತ್ರ ಬರಿಯ ನೀರು.

ಮೂರು ದಿನ ಚಿನ್ನು ಉಳಿಯುತ್ತಾಳೋ ಇಲ್ಲವೋ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗಣಿಯಿಂದ ಬಂದ ಅಪ್ಪ ನನ್ನನ್ನು ಬೈಯಲಿಲ್ಲ, ಅಮ್ಮನನ್ನೂ ಬೈಯಲಿಲ್ಲ. ಕಾರಿಡಾರಿನ ಬೆಂಚಿನಲ್ಲಿ ಕೂತು ಪುಸ್ತಕವನ್ನು ಮೊದಲಿಂದ ಓದುತ್ತಿದ್ದರು. "ನಾನಾದ್ರೂ ಕೇಳ್ಬೋದಿತ್ತು," ಎಂದಷ್ಟೇ ಅಂದರು. ಆರನೇ ತಾರೀಖು ಬೆಳಗ್ಗೆ ಅವಳು ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ನಾನೇನೂ ತಿಂದಿರ್ಲಿಲ್ಲ," ಎಂದಳು. ಅದೇ ಮೊದಲ ಮಾತು.

ಉಳಿದ ಹದಿನಾರು ಸೀಸೆ ಎಸೆದೆವು. ಆಸ್ಪತ್ರೆಯವರು ಅಲ್ಲಿಯ ಇನ್ಸುಲಿನ್ನು, ಅದಕ್ಕೆ ಹೊಂದುವ ಸಿರಿಂಜು ಕೊಟ್ಟು, ಗೆರೆ ಎಣಿಸುವುದನ್ನು ಹೊಸದಾಗಿ ಕಲಿಸಿದರು. ಮನೆಗೆ ಬಂದ ದಿನ ಅಮ್ಮ ಅವನ್ನು ತಾನೇ ಸ್ಟೀಲ್ ಡಬ್ಬದಲ್ಲಿಟ್ಟುಕೊಂಡು ಮಾಂಸದಂಗಡಿಗೆ ನಡೆದಳು. ನಾನು ಹಿಂದೆ ಹೋದೆ. ಬಾನಾ ಮುತಾಲೆ ಏನೂ ಕೇಳದೆ ಕೋಲ್ಡ್ ರೂಮಿನ ಬಾಗಿಲು ತೆರೆದು, ಬಾಗಿಲ ಬಳಿಯ ಮೇಲಿನ ತಟ್ಟೆ ತೋರಿಸಿದರು. ಫ್ಯಾನಿನ ಕಡೆ ಇಟ್ಟರೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದರೂ ಔಷಧಿ ಕೆಡುತ್ತದೆ ಎಂದು ಡಾಕ್ಟರನ್ನು ಕೇಳಿ ತಿಳಿದುಕೊಂಡಿದ್ದರು. ಬಾಗಿಲಲ್ಲಿ ಅವರದೊಂದು ಪಟ್ಟಿ ನೇತಾಡುತ್ತಿತ್ತು. ದಿನಕ್ಕೆ ನಾಲ್ಕು ಸಲ ಉಷ್ಣತೆ. ಎರಡನೆಯದು ಮಧ್ಯಾಹ್ನ ಹನ್ನೆರಡಕ್ಕೆ.

ಆಮೇಲಿನ ಆರು ತಿಂಗಳು ಅಮ್ಮ ದಿನಾ ಅಲ್ಲಿಗೆ ಹೋದಳು. ಮೊದಮೊದಲು ಮೂಗಿಗೆ ಸೆರಗು. ನವೆಂಬರ್ ಹೊತ್ತಿಗೆ ಸೆರಗೂ ಇಲ್ಲ. "ಮುಲಿ ಶಾನಿ" ಎನ್ನುತ್ತಲೇ ಒಳಗೆ ನುಗ್ಗಿ, ತಟ್ಟೆ ಒರೆಸಿ, ಸೀಸೆ ಎಣಿಸಿ ಬರುತ್ತಿದ್ದಳು. ಬಂದು ಸ್ನಾನ ಮಾಡುತ್ತಿದ್ದಳು, ಅದನ್ನು ಬಿಡಲಿಲ್ಲ. ಭಯವೂ ಬಿಡಲಿಲ್ಲ. ಜನರೇಟರಿನ ಸದ್ದು ನಿಂತರೆ ಅನ್ನದ ಕೈಯಲ್ಲೇ ಎದ್ದು ನಿಲ್ಲುತ್ತಿದ್ದಳು.

ವರ್ಷ ತುಂಬಿದ್ದೇ ನಾವು ಮೂವರು ವಾಪಸ್ ಬಂದೆವು. ಅಪ್ಪನ ಕರಾರು ಇನ್ನೊಂದು ವರ್ಷ ಇದೆ. ಈಗ ಚಾಮರಾಜಪುರದಲ್ಲಿ ಹತ್ತೊಂಬತ್ತು ದಿನ. ಇಲ್ಲಿ ಫ್ರಿಜ್ಜು ಸದಾ ಗುಂಯ್ ಎನ್ನುತ್ತಿರುತ್ತದೆ, ಅಮ್ಮನಿಗೆ ಆ ಸದ್ದಿನಲ್ಲಿ ನಿದ್ದೆ ಬರುವುದಿಲ್ಲ. ಎದುರು ಮನೆಯ ಪಾರ್ವತಮ್ಮ ಬಂದು, "ಸದ್ಯ, ಬಂದ್ಬುಟ್ರಲ್ಲ ಕಣ್ರೀ. ಮಾಂಸ ತಿನ್ನೋರ ಮಧ್ಯೆ ಎಂಗಿದ್ರೋ," ಎಂದರು. ಅಮ್ಮ ಕಾಫಿ ಸೋಸುತ್ತಿದ್ದವಳು ತಿರುಗಲಿಲ್ಲ. "ಅವರ ಮಧ್ಯೆ ಇದ್ದಿದ್ಕೇ ಇದ್ವಿ," ಎಂದಳು. ಪಾರ್ವತಮ್ಮ ಲೋಟ ಮುಗಿಸಿ ಬೇಗ ಎದ್ದರು.

ಬಂದ ದಿನ ಫ್ರಿಜ್ಜಿಗೆ ಇಡುವಾಗ ಎಣಿಸಿದೆ. ತೆರೆಯದ ಸೀಸೆ ಏಳು ಇರಬೇಕಿತ್ತು, ಆರಿದ್ದವು. ಬಾನಾ ಮುತಾಲೆಗೆ ಫೋನ್ ಮಾಡಿದೆ.

"ಇಲ್ಲೇ ಇದೆ," ಎಂದರು. "ನೀವು ಹೊರಟ ದಿನವೇ ನೋಡಿದೆ. ವ್ಯಾನ್ ತೆಗೆದುಕೊಂಡು ಹಿಂದೆ ಬರಬಹುದಿತ್ತು. ಬರಲಿಲ್ಲ."

"ಎಸೆದುಬಿಡಿ ಆಂಟಿ."

"ನಿನ್ನ ಅಮ್ಮನನ್ನು ಕೇಳಿ ಹೇಳು."

ಅಮ್ಮ ಫೋನ್ ಕಿತ್ತುಕೊಂಡು ತನ್ನ ಮುರುಕು ಇಂಗ್ಲಿಷಿನಲ್ಲಿ, ಬಾಗಿಲ ಹತ್ತಿರವೇ ಇದೆಯಾ, ಫ್ಯಾನಿನ ಕಡೆ ಸರಿಸಿಲ್ಲವಷ್ಟೆ ಎಂದು ಕೇಳಿದಳು. ಎಸೆಯುವ ಮಾತು ಆಡಲಿಲ್ಲ. ಮೊನ್ನೆ ಅಪ್ಪ ಫೋನಿನಲ್ಲಿ, "ಜೂನ್‌ಗೆ ಟಿಕೆಟ್ ಮಾಡ್ಲಾ? ಬರ್ತೀರಾ?" ಎಂದರು. ಚಿನ್ನು ಹೂಂ ಎಂದು ಕುಣಿದಳು. ಅಮ್ಮ ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ಇವತ್ತು ಮಧ್ಯಾಹ್ನ ನಾನು ತೆರೆಯದ ಸೀಸೆಗಳ ಪಟ್ಟಿ ಬರೆಯುತ್ತಿದ್ದಾಗ ಅಮ್ಮ ಬಂದು ಹಿಂದೆ ನಿಂತಳು.

"ಎಷ್ಟು ಬರ್ದೆ?"

"ಆರು."

"ಏಳು ಅಂತ ಬರಿ," ಎಂದಳು.