ಆನೆ ಇಲ್ದೆ ಓಡೋನು

ನಮ್ಮ ಬಾಳೂರು ಕಡೆ ಯಾರಾದ್ರೂ ಓಡ್ತಿದ್ರೆ ಅರ್ಥ ಒಂದೇ, ಹಿಂದೆ ಆನೆ ಇದೆ. ಸುಮ್ನೆ ಓಡೋರು ಇಲ್ಲಿ ಯಾರೂ ಇಲ್ಲ. ನಾನು ಓಡ್ತೀನಿ.

ಚಿಕ್ಕಮಗಳೂರು ಡಾಕ್ಟ್ರು ನಂಗೆ ಎಡಿಎಚ್‌ಡಿ, ಅಂದ್ರೆ ಗಮನ ಒಂದ್ಕಡೆ ನಿಲ್ದೇ ಇರೋದು, ಅಂದ್ರು. ಶಾಲೇಲಿ ಮೇಷ್ಟ್ರು ಅದಕ್ಕೇ ಕೋತಿ ಬುದ್ಧಿ ಅಂತಿದ್ರು. ಶಾಲೆ ಬಿಟ್ಟೆ, ಅದು ಬಿಡ್ಲಿಲ್ಲ. ಕಾಫಿ ಹಣ್ಣು ಹಾಕ್ದೆ ಸಿಪ್ಪೆ ಬಿಡ್ಸೋ ಪಲ್ಪರ್ ಮಿಷಿನ್ ತಿರುಗಿದಂಗೆ ತಲೆ ತಿರುಗ್ತಿರುತ್ತೆ. ಯಾರೂ ಏನೂ ಅನ್ದಿದ್ರೂ ಎದೇಲಿ ಹೆದ್ರಿಕೆ, ಮನ್ಸು ಕುಸಿದು ಕೂತಿರುತ್ತೆ. ಡಾಕ್ಟ್ರು ಮಾತ್ರೆ ಕೊಟ್ರು. ಜೊತೆಗೆ ದಿನಾ ಬೆವರು ಬರೋ ಹಂಗೆ ಓಡು ಅಂದ್ರು. ತೋಟದ ಕೆಲ್ಸ ಮಾಡ್ತೀನಲ್ಲ ಸಾರ್ ಅಂದೆ. ಅದು ನಿಂತು ನಿಂತು ಮಾಡೋದು, ಒಂದೇ ಸಮ ಓಡಿ ನೋಡು ಅಂದ್ರು.

ಓಡ್ದೆ. ಕೆಲ್ಸದವ್ರೆಲ್ಲ ಜೀಪಲ್ಲಿ ಎಸ್ಟೇಟಿಗೆ ಹೋಗ್ತಾರೆ, ನಾನು ಹಿಂದಿಂದ ಏರು ದಾರೀಲಿ ಓಡ್ಕೊಂಡು ಹೋಗೋಕೆ ಶುರು ಮಾಡ್ದೆ. ಓಡಿದ ದಿನ ಎದೆ ಹಗುರ, ಕೈಗೆ ತಗೊಂಡ ಕೆಲ್ಸ ಮುಗಿಯುತ್ತೆ. ಓಡದ ದಿನ ಮೇಸ್ತ್ರಿ ಕೆಮ್ಮಿದ್ರೂ ಜಗಳ.

ಒಂದಿನ ತಿರುವಲ್ಲಿ ನಾನು ಬರೋದನ್ನ ಕಾಫಿ ಹಣ್ಣು ಕೊಯ್ಯೋ ಹೆಂಗಸ್ರು ನೋಡಿದ್ರು. ಚೀಲ ಎಲ್ಲ ಬಿಸಾಕಿ ಓಡಿದ್ರು. ಜೀಪಿನವ್ನು ಹಾರನ್ ಹೊಡೀತಾ ರಿವರ್ಸ್ ಹೋದ. ಫೋನ್ ಹೋಗಿ ಪಕ್ಕದ ಎಸ್ಟೇಟಲ್ಲೂ ಕೆಲ್ಸ ನಿಂತೋಯ್ತು. ನಾನೂ ಒಂದ್ಸಲ ಹಿಂದೆ ತಿರುಗಿ ನೋಡ್ದೆ, ಇದ್ರೂ ಇರ್ಬೋದು ಅಂತ. ಏನೂ ಇರ್ಲಿಲ್ಲ.

ಚೆಲ್ಲಿದ ಹಣ್ಣೆಲ್ಲ ನನ್ ಕೈಲೇ ಆಯ್ಸಿದ್ರು. ಆಮೇಲೆ ಎಸ್ಟೇಟಿನ ಲೆಕ್ಕ ಬರೆಯೋ ರೈಟರು ಕರ್ದು, ನಾಳೆಯಿಂದ ಜೀಪಲ್ಲಿ ಬಾ, ಇಲ್ಲಾಂದ್ರೆ ಕೆಲ್ಸಕ್ಕೇ ಬರ್ಬೇಡ ಅಂದ್ರು.

ಸ್ವಲ್ಪ ದಿನ ಜೀಪಲ್ಲಿ ಹೋದೆ. ಮಾತ್ರೆ ತಗೊಂಡ್ರೂ ಎದೆ ಮತ್ತೆ ಹಿಡ್ಕೊಳ್ತು. ಊಟ ಸೇರ್ಲಿಲ್ಲ. ಒಂದಿನ ನೋಡ್ಕೊಂಡ್ರೆ ಹಣ್ಣಿನ ಜೊತೆ ಕೀಳಬಾರದ ಹಸಿರು ಕಾಯೂ ಕಿತ್ತು ಚೀಲ ತುಂಬ್ಸಿದ್ದೆ. ಆ ಚೀಲ ತಗೊಂಡೋಗಿ ರೈಟರ ಮುಂದೆ ಇಟ್ಟೆ.

"ಇದು ಓಡದೆ ಮಾಡಿದ ಕೆಲ್ಸ ಸಾರ್. ನಾಳೆಯಿಂದ ಓಡ್ತೀನಿ. ಆನೆ ಬಂದ್ರೆ ಕೂಗ್ತೀನಿ. ಕೂಗ್ಲಿಲ್ಲ ಅಂದ್ರೆ ನನ್ ಪಾಡಿಗೆ ಓಡ್ತಿದೀನಿ ಅಂತ."

ಇವ್ನಿಗೆ ಹುಚ್ಚು ಅನ್ನೋ ಹಂಗೆ ರೈಟರು ಅಲ್ಲೇ ತೂಕಕ್ಕೆ ನಿಂತಿದ್ದ ಹೆಂಗಸ್ರ ಕಡೆ ನೋಡಿದ್ರು. ಅವತ್ತು ಎಲ್ರಿಗಿಂತ ಮುಂದೆ ಓಡಿದ್ದ ಅಕ್ಕ ಅಂದ್ರು, "ಓಡ್ಲಿ ಬಿಡಿ ಸಾರ್. ಜೀಪಲ್ಲಿ ಕೂತ್ರೆ ದಾರಿಯುದ್ದ ನಮ್ ತಲೆ ತಿಂತಾನೆ. ಅದಕ್ಕಿಂತ ಆನೇನೇ ವಾಸಿ."

ಇನ್ನೊಂದ್ಸಲ ಚೀಲ ಬಿದ್ರೆ ಸೀದಾ ಮನೆಗೆ ಅಂದ್ರು ರೈಟರು. ಆಗ್ಲಿ ಅಂದೆ.

ಈಗ್ಲೂ ಮಾತ್ರೆ ನುಂಗ್ತೀನಿ, ಓಡ್ತೀನಿ. ತಿರುವಲ್ಲಿ ಅಕ್ಕ ಕೊಯ್ತಾನೇ ಕೇಳ್ತಾರೆ, "ಹಿಂದೆ ಯಾರಿದಾರೋ ಮಾರಾಯ?"

ಯಾರೂ ಇಲ್ಲ ಅಕ್ಕ ಅಂತೀನಿ. ನಿಲ್ಲಲ್ಲ.